ಖಾಲಿ ಡಬ್ಬಿಯ ಚಿತ್ರಗಳು

ಸೋದರತ್ತೆ ಸತ್ತ ಅಣ್ಣನ ಹೆಬ್ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ಫೋನಿಗೆ ಒತ್ತಿದಳು. ಫೋನು ಗುರ್ರೆಂದು ನಡುಗಿತೇ ಹೊರತು ತೆರೆಯಲಿಲ್ಲ.

“ಇದೇನೇ ಇದು, ಯಜಮಾನನ ಬೆರಳನ್ನೇ ಗುರುತು ಹಿಡೀತಿಲ್ಲ!”

“ಬದುಕಿದ್ದಾಗಲೂ ಹಿಡೀತಿರ್ಲಿಲ್ಲ ಅದು,” ಗೋಡೆಗೊರಗಿ ಕೂತಿದ್ದ ತಾಯಿ ಅಲ್ಲಿಂದಲೇ ಹೇಳಿದಳು. “ಗ್ರೀಸು, ತಂತಿ ಅಂತ ಬೆರಳಿನ ಗೆರೆಯೆಲ್ಲ ಸವೆದು ಹೋಗಿತ್ತು ಅವ್ರಿಗೆ. ಆ ಕೈ ಬಿಡು. ಒಂದು ಎರಡು ಮೂರು ನಾಲ್ಕು ಒತ್ತು, ತೆಗೆಯುತ್ತೆ.”

ಅತ್ತೆ ಆ ಕೈಯನ್ನು ಮೆಲ್ಲಗೆ ಎದೆಯ ಮೇಲಿಟ್ಟು ಫೋನನ್ನು ಅಣ್ಣನ ಮಗಳ ಕಡೆ ಚಾಚಿದಳು. ಮಗಳು ನಾಲ್ಕು ಅಂಕಿ ಒತ್ತಿದಳು. ಮುಚ್ಚಿಡಲು ಏನೂ ಇಲ್ಲದವರು ಹಾಕುವ ಬೀಗ ಅದು. ಆ ಮನುಷ್ಯನಿಗೂ ಮುಚ್ಚಿಡಲು ಏನೂ ಇಲ್ಲವೆಂದೇ ಮನೆಯವರು ತಿಳಿದಿದ್ದರು.

ಫೋನು ಬೇಕಾಗಿದ್ದು ಒಂದು ಫೋಟೊಗಾಗಿ. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದರೊಳಗೆ ತಲೆಯ ಹತ್ತಿರ ಇಡಲು ಚೌಕಟ್ಟು ಹಾಕಿದ ಒಂದು ಚಿತ್ರ ಆಗಬೇಕಿತ್ತು. ಕೆಳಗಿನ ಸ್ಟುಡಿಯೊದವನು ಪಾಪ ತಾನೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತಿದ್ದ. ಊರಿನ ಅರ್ಧ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿದ ಮೇಸ್ತ್ರಿ ಇದ್ದದ್ದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಈಗ ಆ ಇಕ್ಕಟ್ಟು ಮೆಟ್ಟಿಲಿನ ತಿರುವುಗಳಲ್ಲಿ ಅವನನ್ನು ಹೇಗೆ ಇಳಿಸುವುದೆಂದು ಅವನ ಕಂಪನಿಯ ಇಬ್ಬರು ಕೆಲಸಗಾರರು ಹೊರಗೆ ನಿಂತು ಅಳತೆ ಹಾಕುತ್ತಿದ್ದರು. ಒಬ್ಬ ಕಾಲು ಮುಂದಾಗಿ ಎನ್ನುತ್ತಿದ್ದ, ಇನ್ನೊಬ್ಬ ತಲೆ ಮುಂದಾಗಿ ಎನ್ನುತ್ತಿದ್ದ.

ಮಗಳು ಐದು ವರ್ಷದ ಮೇಲೆ ಆ ಮನೆಗೆ ಬಂದಿದ್ದಳು. ಬಂದವಳನ್ನು ಯಾರೂ ಏನೂ ಅನ್ನಲಿಲ್ಲ, ಅತ್ತೆಯೊಬ್ಬಳನ್ನು ಬಿಟ್ಟರೆ. ಅತ್ತೆಗೆ ಬಾಯಿ ಮುಚ್ಚಿಕೊಂಡು ದುಃಖಪಡುವುದು ಗೊತ್ತಿರಲಿಲ್ಲ.

“ಕಲ್ಲು ಕಣೇ ನಿಮ್ಮಪ್ಪ,” ಎಂದಿದ್ದಳು ಬೆಳಿಗ್ಗೆಯೇ. “ನನ್ನ ಅಣ್ಣ ಅಂತ ನಾನೇನೂ ವಹಿಸ್ಕೊಂಡು ಮಾತಾಡಲ್ಲ. ಇಷ್ಟು ವರ್ಷದಲ್ಲಿ ಒಂದು ದಿನಕ್ಕೂ ನಿನ್ನ ಹೆಸರೆತ್ತಲಿಲ್ಲ. ನಾನು ಎತ್ತಿದ್ರೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತುಬಿಡ್ತಿದ್ದ. ನೀನೂ ಅವನ ಮಗಳೇ, ಬಿಡು. ಎರಡು ಕಲ್ಲು.”

ಮಗಳಿಗೆ ಈಗ ಬೇಕಾಗಿದ್ದದ್ದು ಒಂದೇ ಒಂದು ಸಂಗತಿ. ಅಪ್ಪನಿಗೆ ಒಂದು ಸಲವಾದರೂ ತನ್ನ ಹತ್ತಿರ ಬರಬೇಕೆನ್ನಿಸಿತ್ತೇ? ಅದನ್ನು ಹೇಳಬೇಕಾದವನು ಎದುರಿಗೆ ಬಾಯಿ ಮುಚ್ಚಿ ಮಲಗಿದ್ದ. ಇನ್ನು ಕೇಳುವುದಾದರೂ ಯಾರನ್ನು?

*

ಐದು ವರ್ಷದ ಹಿಂದೆ ಅಪ್ಪನ ಕೈಕೆಳಗೆ ಸಹಾಯಕನಾಗಿದ್ದವನೇ ಅವಳ ಗಂಡ. ಹುಡುಗ ಒಳ್ಳೆಯವನು, ಕೈ ಚುರುಕು ಎಂದು ಅಪ್ಪನೇ ಮೆಚ್ಚಿ ಅಳಿಯನನ್ನಾಗಿ ಮಾಡಿಕೊಂಡಿದ್ದ. ಮಾವ ಅಳಿಯ ಒಂದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಿ ಒಂದೇ ಗಾಡಿಯಲ್ಲಿ ಬರುತ್ತಿದ್ದರು.

ಲಿಫ್ಟಿನ ಕೆಲಸದಲ್ಲಿ ಒಂದು ನಿಯಮವಿದೆ. ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವವನು ಮೇಲಿನ ಮೋಟಾರು ಕೋಣೆಯ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಇಳಿಯಬೇಕು. ಅವನು ಮೇಲೆ ಬಂದು ಕೀಲಿ ಕೊಡದೆ ಯಾರೂ ಕರೆಂಟು ಬಿಡುವಂತಿಲ್ಲ. ಅಳಿಯನಿಗೆ ಅದನ್ನು ಗಿಣಿಪಾಠ ಮಾಡಿಸಿದವನೂ ಅಪ್ಪನೇ. ಆ ದಿನ ಮಾತ್ರ ಕಟ್ಟಡದ ಮ್ಯಾನೇಜರು ಗಳಿಗೆಗೊಮ್ಮೆ ಫೋನು ಮಾಡಿ ತಲೆ ತಿನ್ನುತ್ತಿದ್ದ. “ಕೀಲಿ ನನ್ನ ಹತ್ರಾನೇ ಇರ್ಲಿ, ನೀನು ಇಳಿ, ಬೇಗ ಮುಗಿಸೋಣ,” ಎಂದ ಅಪ್ಪ. ಅಳಿಯ ಇಳಿದ, ಕೆಲಸ ಮುಗಿಸಿ ಮೇಲೂ ಬಂದ. ಬಂದವನು, ನಟ್ಟು ಬಿಗಿಯುವ ಪಾನೆ ಕೆಳಗೇ ಉಳಿಯಿತೆಂದು ಮತ್ತೆ ಗುಂಡಿಯೊಳಗೆ ಕೈ ಹಾಕಿದ. ಮೇಲಿದ್ದವನು ಅದು ಗೊತ್ತಾಗದೆ ಕರೆಂಟು ಬಿಟ್ಟ. ಅಳಿಯನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಆಸ್ಪತ್ರೆಯ ಓಣಿಯಲ್ಲಿ ಅಪ್ಪ ಗ್ರೀಸಿನ ಬಟ್ಟೆಯಲ್ಲೇ ನಿಂತಿದ್ದ. ಮಗಳು ಅವನ ಮುಖ ನೋಡದೆ ಹೇಳಿದಳು.

“ಇನ್ಮೇಲೆ ನೀನು ನನ್ನ ಬಾಗಿಲಿಗೆ ಬರಬೇಡ. ನಿನ್ನ ಮುಖ ನೋಡೋ ಶಕ್ತಿ ನನಗಿಲ್ಲ.”

ಅವನು ತಲೆಯಾಡಿಸಿದ. ಅಷ್ಟೆ. ತಪ್ಪಾಯ್ತು ಎನ್ನಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೆಯೇ ಪಾಲಿಸುವ ಮನುಷ್ಯ. ಮಗಳು ಹೇಳಿದ್ದು ಸಿಟ್ಟಿನಲ್ಲಿ. ಸಿಟ್ಟಿನ ಮಾತನ್ನು ಮೀರಿ ಅವನು ಬರಬೇಕಿತ್ತು, ಬಾಗಿಲು ತಟ್ಟಬೇಕಿತ್ತು, ಅವಳು ಇನ್ನಷ್ಟು ಬೈಯಬೇಕಿತ್ತು, ಬೈದು ಬೈದು ಅಳಬೇಕಿತ್ತು. ಮೊದಲ ವರ್ಷವಿಡೀ ಕರೆಗಂಟೆ ಸದ್ದಾದಾಗೆಲ್ಲ ಅವಳು ಕೈಕೆಲಸ ಬಿಟ್ಟು ಎದ್ದಿದ್ದಾಳೆ. ಪೇಪರಿನವನು, ಹಾಲಿನವನು, ಎದುರುಮನೆಯವಳು. ಬಂದವರಲ್ಲಿ ಅಪ್ಪನೊಬ್ಬ ಇರಲಿಲ್ಲ.

*

“ಮುಖ ಇರೋದು ಒಂದಾದ್ರೂ ಸಿಗುತ್ತಾ ನೋಡಮ್ಮ,” ಸ್ಟುಡಿಯೊದವನು ಗಡಿಯಾರ ನೋಡಿದ. “ಗುರುತಿನ ಚೀಟಿಯ ಫೋಟೊ ದೊಡ್ಡದು ಮಾಡಿದ್ರೆ ಬರೀ ಮಸಿ ಬರುತ್ತೆ.”

ಮಗಳು ಫೋಟೊಗಳನ್ನು ಸರಿಸಿದಳು. ಲಿಫ್ಟಿನ ಬಾಗಿಲು, ತುಕ್ಕು ಹಿಡಿದ ರಾಟೆ, ತಂತಿಗಳ ಗೊಂಚಲು. ಅವುಗಳ ನಡುನಡುವೆ ಒಂದು ಸ್ಟೀಲಿನ ಊಟದ ಡಬ್ಬಿ. ಮುಚ್ಚಳ ತೆರೆದದ್ದು, ತೊಳೆದಂತೆ ಖಾಲಿ. ಮತ್ತೆ ರಾಟೆ, ಮತ್ತೆ ಡಬ್ಬಿ. ಸರಿಸಿದಷ್ಟೂ ಡಬ್ಬಿಯೇ.

“ಇದೇನಮ್ಮ ಇಷ್ಟೊಂದು ಡಬ್ಬಿ?”

ತಾಯಿಯ ಮುಖದಲ್ಲಿ ಅಷ್ಟು ಹೊತ್ತಿಗೆ ಮೊದಲ ಸಲ ಏನೋ ಒಂದು ಮೂಡಿತು. “ನಾನೇ ಕಳಿಸು ಅಂದಿದ್ದು. ನೀನು ಬರೋದು ಬಿಟ್ಟ ವರ್ಷವೇ ಸಕ್ಕರೆ ಕಾಯಿಲೆ ಬಂತಲ್ಲ, ಆಗ ಡಾಕ್ಟ್ರು ಹೊತ್ತಿಗೆ ಸರಿಯಾಗಿ ತಿನ್ನಬೇಕು ಅಂದ್ರು. ಇವ್ರು ತಿನ್ನದೆ ಹಾಗೇ ವಾಪಸ್ಸು ತರೋರು. ಕೇಳಿದ್ರೆ ತಿಂದೆ ಅನ್ನೋರು, ಡಬ್ಬಿ ತೆಗೆದ್ರೆ ಅರ್ಧ ಹಾಗೇ ಇರೋದು. ತಿಂದು ಮುಗಿಸಿ ಖಾಲಿ ಡಬ್ಬಿ ಫೋಟೊ ತೆಗೆದು ಕಳಿಸಿದ್ರೇನೇ ರಾತ್ರಿ ಊಟ ಅಂದೆ. ಅವತ್ತಿಂದ ಒಂದು ದಿನ ತಪ್ಪಿಸಿಲ್ಲ.”

“ನೋಡಿದ್ಯಾ,” ಎಂದಳು ಅತ್ತೆ, “ಹೆಂಡ್ತಿ ಮಾತು ಅಂದ್ರೆ ಎದ್ದುಬಿದ್ದು ಕೇಳ್ತಿದ್ದ. ಮಗಳು ಮಾತ್ರ ಬೇಡ.”

“ಊಟದ ಹೊತ್ತಲ್ಲಿ ನಮ್ಮ ಜೊತೆ ಕೂತಿದ್ದೇ ಇಲ್ಲ ಮೇಸ್ತ್ರಿಗಳು,” ಹೊರಗಿದ್ದ ಕೆಲಸಗಾರನೊಬ್ಬ ತಲೆಯನ್ನು ಒಳಗೆ ಹಾಕಿದ. “ಗಂಟೆ ಆಗೋದೇ ತಡ, ಡಬ್ಬಿ ಹಿಡ್ಕೊಂಡು ಗಾಡಿ ಹತ್ತಿ ಮಾಯ. ನಾವು ದೊಡ್ಡಸ್ತಿಕೆ ಅಂದ್ಕೊಂಡಿದ್ವಿ.”

ಡಬ್ಬಿಗಳ ನಡುವೆ ಒಂದು ಮುಖ ಸಿಕ್ಕಿತು. ಬೆರಳು ತಾಗಿ ಕ್ಯಾಮೆರಾ ತನ್ನ ಕಡೆಗೇ ತಿರುಗಿದ್ದು ಅವನಿಗೆ ಗೊತ್ತಾಗಿಲ್ಲ. ಡಬ್ಬಿಯ ಬದಲು ಅವನ ಮುಖವೇ ಬಿದ್ದಿತ್ತು. ಅವನು ಫೋನಿನ ಕಡೆ ನೋಡುತ್ತಿರಲಿಲ್ಲ. ಗಲ್ಲ ಎತ್ತಿ ಎಲ್ಲೋ ಮೇಲೆ ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ನಗುತ್ತಿದ್ದ. ಮನೆಯವರು ಎಷ್ಟೋ ಕಾಲದಿಂದ ಕಾಣದ ನಗು ಅದು. ತಾಯಿ ಫೋನನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಇದೇ ಇರಲಿ ಎಂದಳು.

ಸ್ಟುಡಿಯೊದವನು ಚಿತ್ರ ಒಡೆಯದೆ ದೊಡ್ಡದಾಗುತ್ತದೋ ಇಲ್ಲವೋ ನೋಡಲು ಅದರ ವಿವರವನ್ನು ತೆರೆದ. “ಅಳತೆ ಸಾಕು. ಹೋದ ತಿಂಗಳದ್ದು. ಇದು ಈ ಕಡೆಯಲ್ಲಿ ತೆಗೆದಿದ್ದಲ್ಲ,” ಎನ್ನುತ್ತಾ ಒಂದು ಬೀದಿಯ ಹೆಸರನ್ನು ಸುಮ್ಮನೆ ಓದಿದ.

ಮಗಳು ಬಗ್ಗಿ ನೋಡಿದಳು. ಅಂಕಿಗಳ ಕೆಳಗೆ ಅಂಗೈಯಗಲದ ನಕಾಶೆ. ಕಾಲುವೆಯ ತಿರುವು, ಪಕ್ಕದಲ್ಲಿ ಗುಂಡನೆಯ ಉದ್ಯಾನ, ಬಸ್ಸಿನ ಚಿಕ್ಕ ಗುರುತು. ಹೆಸರು ಓದುವ ಅಗತ್ಯವೇ ಅವಳಿಗೆ ಇರಲಿಲ್ಲ. ಗಂಡನ ಜೊತೆ ಸಂಸಾರ ಹೂಡಿದ ಮೊದಲ ಮನೆ ಇದ್ದ ಬೀದಿ ಅದು. ಕೆಂಪು ಚುಕ್ಕೆ ಇದ್ದದ್ದು ಆ ಮನೆಯ ಎದುರಿಗೇ.

“ಇದು ನಿಮಗೆ ಹೇಗೆ ಗೊತ್ತಾಯ್ತು ಅಣ್ಣ?”

“ಪ್ರತಿ ಫೋಟೊದ ಹೊಟ್ಟೇಲೂ ಇರುತ್ತಮ್ಮ. ಯಾವತ್ತು ತೆಗೆದಿದ್ದು, ಎಷ್ಟು ಹೊತ್ತಿಗೆ, ಯಾವ ಫೋನಲ್ಲಿ, ಎಲ್ಲಿ ನಿಂತು. ಮೇಲೆ ನೋಡಿದ್ರೆ ಕಾಣಲ್ಲ, ತೆಗೆದು ನೋಡಬೇಕು. ಜಾಗ ತೋರಿಸೋದನ್ನ ಆನ್ ಮಾಡಿಟ್ಟಿದ್ರೆ ಅದೂ ಸೇರ್ಕೊಳ್ಳುತ್ತೆ.”

“ಅದು ನಮ್ಮ ಕಂಪನಿಯವ್ರೇ ಆನ್ ಮಾಡ್ಸಿದ್ದು,” ಎಂದ ಕೆಲಸಗಾರ. “ರಿಪೇರಿ ಮಾಡಿದ ಲಿಫ್ಟಿನ ಫೋಟೊ ತೋರಿಸಬೇಕು ನಾವು. ಹೋಗದೇನೇ ಹೋದ್ವಿ ಅಂತೀವಿ ಅಂತ ಅನುಮಾನ ಅವ್ರಿಗೆ.”

ಮಗಳು ಇನ್ನೊಂದು ಡಬ್ಬಿಯನ್ನು ತೆರೆದಳು. ಅದೇ ಕಾಲುವೆ, ಅದೇ ಚುಕ್ಕೆ. ಮತ್ತೊಂದು. ಅದೂ ಹಾಗೇ. ಅವಳು ಒಂದೊಂದಾಗಿ ತೆರೆಯುವುದನ್ನು ನೋಡಿ ಸ್ಟುಡಿಯೊದವನು ತಾನೇ ಫೋನು ತೆಗೆದುಕೊಂಡು ಎಲ್ಲ ಫೋಟೊಗಳನ್ನೂ ಒಂದೇ ನಕಾಶೆಯ ಮೇಲೆ ಹರಡಿ ತೋರಿಸಿದ. ಲಿಫ್ಟುಗಳು ಊರೆಲ್ಲ ಚದುರಿ ಬಿದ್ದಿದ್ದವು. ಡಬ್ಬಿಗಳೆಲ್ಲ ಒಂದೇ ಕಡೆ ರಾಶಿಯಾಗಿದ್ದವು.

“ನನಗೂ ದಿನಾ ಕಳಿಸ್ತಿದ್ರಲ್ಲ,” ತಾಯಿ ತನ್ನ ಫೋನನ್ನು ಹುಡುಕಿ ತಂದಳು. “ನನ್ನ ಫೋನಲ್ಲೂ ಇದೆಯಾ ಇದು? ಇಷ್ಟು ದಿನ ನನ್ನ ಕೈಯಲ್ಲೇ ಇತ್ತಾ?”

ಅವನು ನೋಡಿ ತಲೆಯಲ್ಲಾಡಿಸಿದ. “ಇಲ್ಲಮ್ಮ. ಕಳಿಸುವಾಗ ಆ ವಿವರ ಎಲ್ಲ ಉದುರಿ ಹೋಗುತ್ತೆ. ಬರೀ ಡಬ್ಬಿ ಮಾತ್ರ ಬರುತ್ತೆ.”

ಮಗಳಿಗೆ ಅಳು ಬಂತು. ನಿನ್ನೆಯಿಂದ ಎಷ್ಟು ಕರೆದರೂ ಬಾರದಿದ್ದ ಅಳು ಈಗ ಕಟ್ಟೆಯೊಡೆದು ಬಂತು. ಆ ಅಳುವಿನಲ್ಲಿ ಸಂತೋಷವೂ ಇತ್ತು, ನಾಚಿಕೆಯಿಲ್ಲದ ಸಂತೋಷ. ಸತ್ತವನ ಪಕ್ಕದಲ್ಲಿ ಕೂತು ಅವಳು ಅತ್ತೆಯ ತೋಳು ಹಿಡಿದು ಅಲುಗಾಡಿಸಿದಳು.

“ಬಂದಿದ್ದ ಅತ್ತೆ! ಅಪ್ಪ ಬಂದಿದ್ದ! ಬಾಗಿಲಿಗೆ ಬರಬೇಡ ಅಂದೆ ಅಂತ ಬಾಗಿಲಿಗೆ ಬರ್ಲಿಲ್ಲ, ರಸ್ತೆಯ ಆ ಕಡೆ ಕೂತು ಊಟ ಮಾಡ್ತಿದ್ದ. ದಿನಾ! ಕಲ್ಲು ಅಂತೆ, ಕಲ್ಲು!”

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಕೂತುಬಿಟ್ಟಳು.

ಕುರ್ಚಿಗಳನ್ನು ತರಲು ಹೋಗಿದ್ದ ಮಗಳ ಗಂಡ ಅಷ್ಟರಲ್ಲಿ ಮೇಲೆ ಬಂದ. ಅವನಿಗೂ ತೋರಿಸಿದರು. ಅವನು ಬಲಗೈಯ ಹೆಬ್ಬೆರಳಿನಿಂದ ಫೋಟೊಗಳನ್ನು ಒಂದೊಂದಾಗಿ ಸರಿಸುತ್ತಾ ಕೊನೆಯದಕ್ಕೆ ಬಂದು ನಿಂತ. ಆಮೇಲೆ ಹೆಂಡತಿಯ ಮುಖ ನೋಡಿದ. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

“ಕೊನೇದು ಮೊನ್ನೆ ಮಧ್ಯಾಹ್ನದ್ದು,” ಎಂದ ಮೆಲ್ಲಗೆ.

“ಹೌದು. ಮೊನ್ನೆವರೆಗೂ ಬಂದಿದ್ದಾನೆ!”

“ನಾವು ಆ ಮನೆ ಬಿಟ್ಟು ಎರಡು ವರ್ಷ ಆಯ್ತಲ್ಲೇ.”

*

ಮನೆ ಬದಲಾಯಿಸುವಾಗ ತಾಯಿಯೇ ಬಂದು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟಿದ್ದಳು. ಅಳಿಯ ಔಷಧಿ ಅಂಗಡಿಯಲ್ಲಿ ಕೂರುವ ಕೆಲಸ ಹಿಡಿದು ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದ. ಹೊಸ ಮನೆ ಅವನ ಅಂಗಡಿಗೆ ಹತ್ತಿರ, ಊರಿನ ಇನ್ನೊಂದು ತುದಿ.

“ಮಾವನಿಗೆ ವಿಳಾಸ ಹೇಳಿ ಅತ್ತೆ,” ಎಂದಿದ್ದ ಅವನು ಹೆಂಡತಿಯ ತಾಯಿಗೆ. “ನಾನು ಯಾವತ್ತೋ ಬಿಟ್ಟುಬಿಟ್ಟೆ ಅದನ್ನ. ಇವಳೇ ಹಿಡ್ಕೊಂಡು ಕೂತಿರೋದು.”

“ಏನೂ ಬೇಡ,” ಎಂದಿದ್ದಳು ಮಗಳು. “ಈ ಮನೆಗೇ ಬರದವನಿಗೆ ಆ ಮನೆಯ ವಿಳಾಸ ಯಾಕಮ್ಮ? ಕೇಳಿದ್ರೆ ತಾನೇ ಹೇಳೋದು? ಕೇಳ್ದಾಗ ಹೇಳು.”

ತಾಯಿ ಆಗಲಿ ಎಂದಳು. ಅವಳಿಗೂ ಅದೇ ಅನುಕೂಲವಾಗಿತ್ತು. ಗಂಡನಿಗೆ ಮಗಳ ಹೆಸರು ಬೇಡ, ಅವಳ ಸುದ್ದಿ ತೆಗೆದರೆ ಎದ್ದು ಹೋಗುತ್ತಾನೆ. ಅಂಥವನ ಮುಂದೆ ತಾನು ತಿಂಗಳಿಗೊಮ್ಮೆ ಮಗಳ ಮನೆಗೆ ಹೋಗಿಬರುತ್ತೇನೆ ಎಂದರೆ ಮನೆಯಲ್ಲಿ ಇರುವ ಶಾಂತಿಯೂ ಹಾಳು. ಮಂಡಿನೋವಿನ ಆಸ್ಪತ್ರೆಗೆ ಹೋಗುತ್ತೇನೆಂದು ಹೇಳಿ ಹೊರಡುತ್ತಿದ್ದಳು. ಅವನು “ಆಟೋದಲ್ಲಿ ಹೋಗು, ಬಸ್ಸು ಹತ್ತಬೇಡ,” ಎನ್ನುತ್ತಿದ್ದ. ಆಕೆ ವಾಪಸ್ಸು ಬರುವಷ್ಟರಲ್ಲಿ ಅವನ ಡಬ್ಬಿಯ ಫೋಟೊ ಬಂದಿರುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು, ಅದೇ ಮನೆಯ ನೆಮ್ಮದಿ ಎಂದುಕೊಂಡು ರಾತ್ರಿ ಒಟ್ಟಿಗೆ ಕೂತು ಉಣ್ಣುತ್ತಿದ್ದರು.

*

“ಒಂದು ಮಾತು ನನ್ನ ಹತ್ರ ಆಡಿದ್ರೆ,” ತಾಯಿ ಹಣೆಹಣೆ ಚಚ್ಚಿಕೊಂಡಳು. “ಹೀಗೆ ಹೋಗ್ತಿದೀನಿ ಕಣೇ ಅಂತ ಒಂದೇ ಒಂದು ಮಾತು! ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ನಲ್ಲೇ ನಾನು.”

“ನೀನು ಆಡಿದ್ಯಾ ಅತ್ತಿಗೆ?” ಎಂದಳು ಸೋದರತ್ತೆ. ಅಂದ ಮೇಲೆ ಅನ್ನಬಾರದಿತ್ತು ಎನ್ನಿಸಿ ಆಕೆಯ ಬೆನ್ನು ಸವರತೊಡಗಿದಳು.

ಮಗಳು ಅಳುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತಿನ ಹಿಂದೆ ಸಿಕ್ಕಿದ ಅಪ್ಪ ಮತ್ತೆ ಕೈತಪ್ಪಿ ಹೋಗಿದ್ದ. ಈ ಸಲ ಅವನನ್ನು ದೂರುವುದಕ್ಕೂ ಆಗುತ್ತಿರಲಿಲ್ಲ. ಅವನು ಬಂದಿದ್ದ ಮೊದಲ ವರ್ಷಗಳಲ್ಲಿ ಅವಳು ಮೇಲೆ ಕರೆಗಂಟೆಗೆ ಕಿವಿಗೊಟ್ಟು ಕೂತಿದ್ದಳು. ಅವನು ಕೆಳಗೆ ಕೂತಿದ್ದ. ಆಮೇಲಿನ ಎರಡು ವರ್ಷ ಅವನು ಯಾರನ್ನು ನೋಡಲು ಬರುತ್ತಿದ್ದ? ನೋಡಿದ್ದಾದರೂ ಏನನ್ನು?

ಗಾಡಿ ಬಂತು. ಕಾಲು ಮುಂದಾಗಿಯೇ ಇಳಿಸಿದರು. ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಾಗ ಕೆಲಸಗಾರರು ಅಭ್ಯಾಸಬಲದಿಂದ “ನಿಧಾನ, ನಿಧಾನ, ಮೇಸ್ತ್ರೀ,” ಎಂದರು. ಅಂದು ತಾವೇ ಮುಖ ತಿರುಗಿಸಿಕೊಂಡರು. ಸ್ಟುಡಿಯೊದವನು ಚೌಕಟ್ಟು ಹಾಕಿದ ಫೋಟೊ ತಂದು ತಾಯಿಯ ಮಡಿಲಲ್ಲಿಟ್ಟ.

ಮಗಳು ಡ್ರೈವರಿನ ಪಕ್ಕದ ಕಿಟಕಿಗೆ ಹೋಗಿ ಬೀದಿಯ ಹೆಸರು ಹೇಳಿದಳು. “ಆ ಕಡೆಯಿಂದ ಹೋಗಿ.”

“ಅದು ಸುತ್ತಾಗುತ್ತಲ್ಲಮ್ಮ.”

“ಆಗ್ಲಿ.”

“ಏನೇ ಇದು,” ಅತ್ತೆ ಗಾಡಿಯೊಳಗಿಂದ ಕೂಗಿದಳು, “ಹೆಣ ಇಟ್ಕೊಂಡು ಊರು ಸುತ್ತೋದಾ? ಜನ ಏನಂದಾರು?”

“ಹೋಗ್ಲಿ ಬಿಡು,” ಎಂದಳು ತಾಯಿ. “ಅವ್ರು ದಿನಾ ಹೋಗ್ತಿದ್ದ ದಾರಿ.”

ಕಾಲುವೆಯ ತಿರುವು ದಾಟಿ ಗಾಡಿ ಬಸ್ ತಂಗುದಾಣದ ಮುಂದೆ ನಿಂತಿತು. ಮಗಳು ಇಳಿದಳು. ಎದುರಿನ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಈ ತಂಗುದಾಣದೊಳಗೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ. ಅವಳು ಹೋಗಬೇಕಾದ ಬಸ್ಸುಗಳೆಲ್ಲ ಬೇರೆ ರಸ್ತೆಯಲ್ಲಿ ಬರುತ್ತಿದ್ದವು. ಬಾಲ್ಕನಿಯಿಂದ ನೋಡಿದರೆ ಇದರ ತಗಡಿನ ಮಾಡು ಮಾತ್ರ ಕಾಣುತ್ತಿತ್ತು. ಅದರ ಮೇಲೆ ಬಿದ್ದ ಎಲೆಗಳನ್ನು, ಯಾರೋ ಎಸೆದ ಚಪ್ಪಲಿಯನ್ನು ಅವಳು ಎಷ್ಟು ಸಲ ನೋಡಿದ್ದಳು. ಕೆಳಗೆ ಯಾರಿದ್ದಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಒಳಗೆ ಸಿಮೆಂಟಿನ ಬೆಂಚು. ಅದರ ಒಂದು ತುದಿ ಮಾಡಿನಿಂದ ಹೊರಗೆ ಚಾಚಿತ್ತು. ಅಲ್ಲಿ ಕೂತರೆ ಮಾತ್ರ ಎದುರಿನ ಎರಡನೇ ಮಹಡಿ ಕಾಣುತ್ತದೆ. ಅವಳು ಅಲ್ಲಿ ಕೂತಳು. ಗಂಡ ಬಂದು ಪಕ್ಕದಲ್ಲಿ ನಿಂತ.

ಫೋಟೊದಲ್ಲಿ ಅಪ್ಪ ನೋಡುತ್ತಿದ್ದ ಹಾಗೆಯೇ ಗಲ್ಲ ಎತ್ತಿ ನೋಡಬೇಕಿತ್ತು. ಬಾಲ್ಕನಿಯ ಗೋಡೆ ಎತ್ತರದ್ದು. ಅದರ ಮೇಲೆ ಬಟ್ಟೆ ಒಣಗಿಸುವ ಹಗ್ಗ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ ಸದ್ದಾಯಿತು, ಬಕೆಟ್ಟು ಇಟ್ಟ ಸದ್ದಾಯಿತು. ಗೋಡೆಯ ಮೇಲೆ ಎರಡು ಕೈಗಳು ಕಾಣಿಸಿಕೊಂಡವು. ಹೆಂಗಸಿನ ಕೈಗಳು, ಮೊಣಕೈವರೆಗೆ ಒದ್ದೆ. ಮುಖ ಕಾಣುತ್ತಿರಲಿಲ್ಲ. ಆ ಜಾಗದಿಂದ ಯಾರ ಮುಖವೂ ಕಾಣುವಂತಿರಲಿಲ್ಲ.

“ಮಾವ ಏನಂದ್ಕೊಂಡಿರ್ತಾರೆ…” ಎಂದು ಗಂಡ ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ.

ಕೈಗಳು ಒಂದು ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದವು. ಅಂಗೈಯಷ್ಟೇ ಅಗಲದ ಅಂಗಿ. ಅದರ ಪಕ್ಕಕ್ಕೆ ಇನ್ನೊಂದು. ಆಮೇಲೆ ಒಂದು ಕುಲಾವಿ, ಹೆಬ್ಬೆರಳಿನಷ್ಟುದ್ದದ ಎರಡು ಕಾಲುಚೀಲ. ಮಕ್ಕಳಿಲ್ಲದ ಮಗಳು ಬೆಂಚಿನ ತುದಿಯಲ್ಲಿ ಕೂತು, ಗಲ್ಲ ಎತ್ತಿ, ಆ ಕೈಗಳು ಒಂದೊಂದಕ್ಕೂ ಕ್ಲಿಪ್ಪು ಹಾಕುವುದನ್ನು ನೋಡುತ್ತಿದ್ದಳು.